ಪೇಂಟ್‌ಬಾಲ್ ಮಾರ್ಕರ್‌ಗೆ ರೆಗ್ಯುಲೇಟರ್ ಬೇಕಾ? ನಾನು ನೋಡಿ ತೀರ್ಮಾನಿಸಿದ್ದು ಹೀಗೆ

ಹೊಸೂರಿನಿಂದ ತಳಿ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪೇಂಟ್‌ಬಾಲ್ ಮೈದಾನ ಇದೆ. ಬಣ್ಣ ತುಂಬಿದ ಗುಂಡುಗಳನ್ನು ಒಬ್ಬರಿಗೊಬ್ಬರು ಹೊಡೆಯುವ ಆಟ ಇದು. ಶನಿವಾರ, ಭಾನುವಾರ ಬೆಂಗಳೂರಿನ ಹುಡುಗರೇ ಜಾಸ್ತಿ. ಬಾಡಿಗೆಗೆ ಕೊಡುವ ಮಾರ್ಕರ್‌ಗಳೆಲ್ಲ, ಅಂದರೆ ಆ ಗುಂಡು ಹಾರಿಸುವ ಬಂದೂಕುಗಳೆಲ್ಲ, ಟಿಪ್‌ಮನ್ 98 ಥರದವು. ಗುಂಡು ತಳ್ಳುವ ಗ್ಯಾಸ್ ಕಾರ್ಬನ್ ಡೈ ಆಕ್ಸೈಡ್. ಹೊಸೂರು ಕಾರ್ಖಾನೆಗಳ ಊರು, ವೆಲ್ಡಿಂಗ್‌ಗೆ ಬೇಕಾಗುವ ಗ್ಯಾಸ್ ಇದು, ಹಾಗಾಗಿ ಸಿಗುವುದು ಕಷ್ಟವಲ್ಲ.

ಸ್ವಲ್ಪ ಆಟ ಬಲ್ಲವರು ಬಂದರೆ ಒಂದೇ ಮಾತು: "ಅಣ್ಣಾ, ಒಂದು ರೆಗ್ಯುಲೇಟರ್ ಹಾಕಿಸಿ, ಹೊಡೆತ ಒಂದೇ ಸಮ ಬರುತ್ತೆ." ರೆಗ್ಯುಲೇಟರ್ ಅಂದರೆ ಟ್ಯಾಂಕಿನಿಂದ ಬರುವ ಗ್ಯಾಸಿನ ಒತ್ತಡವನ್ನು ಇಳಿಸಿ ಒಂದೇ ಮಟ್ಟದಲ್ಲಿಡುವ ಭಾಗ. ಅಷ್ಟೂ ಮಾರ್ಕರ್‌ಗೆ ಹಾಕಿಸುವುದು ಸಣ್ಣ ಖರ್ಚಲ್ಲ. ಅದಕ್ಕೇ ಮೊದಲು ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಮೀಟರ್, ಇಟ್ಟು ಅಳೆದು ನೋಡಿದೆ.

ಟ್ಯಾಂಕಿನ ಒಳಗೆ ಈ ಗ್ಯಾಸ್ ದ್ರವವಾಗಿ ಇರುತ್ತದೆ, ನಮ್ಮ ಅಡುಗೆಮನೆ ಸಿಲಿಂಡರಿನ ಹಾಗೆ. ಒತ್ತಡ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಟ್ಯಾಂಕಿನ ಬಿಸಿ. 10 ಡಿಗ್ರಿಯಲ್ಲಿ ಸುಮಾರು 650 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಅಂತ), 20ರಲ್ಲಿ 830, 30ರಲ್ಲಿ ಸಾವಿರ ದಾಟುತ್ತದೆ. ತಳಿಯನ್ನು ಬ್ರಿಟಿಷರ ಕಾಲದಲ್ಲಿ ಲಿಟಲ್ ಇಂಗ್ಲೆಂಡ್ ಅಂತಿದ್ದರಂತೆ. ಡಿಸೆಂಬರ್ ಬೆಳಿಗ್ಗೆ ಇಲ್ಲಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಅದೇ ಟ್ಯಾಂಕ್ ಮಧ್ಯಾಹ್ನ ಬಿಸಿಲಲ್ಲಿ ಬಿದ್ದಿದ್ದರೆ ಮುಟ್ಟಿದರೆ ಬೆಚ್ಚಗಿರುತ್ತದೆ.

ಮೀಟರ್ ಕೂಡ ಅದನ್ನೇ ಹೇಳಿತು. ಬೆಳಿಗ್ಗೆ ಸೆಕೆಂಡಿಗೆ 260 ಅಡಿ ಆಸುಪಾಸು ಬಂದ ಮಾರ್ಕರ್, ವೇಗ ಹೊಂದಿಸುವ ವೆಲಾಸಿಟಿ ಸ್ಕ್ರೂ ಮುಟ್ಟದೆ ಮಧ್ಯಾಹ್ನ 300 ದಾಟಿತು. 300 ಅಂದರೆ ಆಟದಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ. ನಾನು 280ಕ್ಕೇ ನಿಲ್ಲಿಸುತ್ತೇನೆ. ಬಿಟ್ಟು ಬಿಟ್ಟು ಹೊಡೆದಾಗ ಅಂಕಿ ಅಷ್ಟಾಗಿ ಅಲುಗಲಿಲ್ಲ. ಒಂದೇ ಸಮನೆ ಟ್ರಿಗರ್ ಎಳೆದಾಗ ಮಾತ್ರ ಸರಸರ ಇಳಿಯಿತು. ದ್ರವ ಆವಿಯಾಗಲು ಟ್ಯಾಂಕಿನ ಬಿಸಿಯನ್ನೇ ಹೀರಿಕೊಳ್ಳುತ್ತದೆ, ಟ್ಯಾಂಕ್ ತಣ್ಣಗಾಗುತ್ತದೆ, ಒತ್ತಡ ಬೀಳುತ್ತದೆ.

ಇಲ್ಲೇ ನನಗೆ ಉತ್ತರ ಸಿಕ್ಕಿದ್ದು. ರೆಗ್ಯುಲೇಟರ್ ಒತ್ತಡವನ್ನು ಇಳಿಸಬಲ್ಲದು, ಏರಿಸಲಾರದು. ಈ ಮಾರ್ಕರ್ ಕೆಲಸ ಮಾಡುವುದೇ ಸುಮಾರು 800 ಪಿಎಸ್‌ಐನಲ್ಲಿ, ಟ್ಯಾಂಕಿನಿಂದ ನೇರವಾಗಿ. ಬೆಳಗಿನ ಚಳಿಯಲ್ಲಿ ಟ್ಯಾಂಕಿನಿಂದ 650 ಬರುತ್ತಿದ್ದರೆ, ರೆಗ್ಯುಲೇಟರನ್ನು 800ಕ್ಕೆ ಇಟ್ಟು ಏನು ಪ್ರಯೋಜನ? ಸುಮ್ನೆ ನಡುವೆ ಕೂತಿರುತ್ತದೆ, ಅಷ್ಟೇ. ಮಧ್ಯಾಹ್ನದ ಏರಿಕೆಯನ್ನು ತಡೆಯುತ್ತದೆ, ನಿಜ. ಆದರೆ ಆ ಕೆಲಸಕ್ಕೆ ನೆರಳು ಮತ್ತು ವೆಲಾಸಿಟಿ ಸ್ಕ್ರೂ ಸಾಕು. ಬಿಸಿಲೇರಿದ ಮೇಲೆ ಇನ್ನೊಮ್ಮೆ ಕ್ರೋನೋಗ್ರಾಫ್ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತೇನೆ. ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ತೊಂದರೆಯನ್ನೂ ಜನ ರೆಗ್ಯುಲೇಟರ್ ಲೆಕ್ಕಕ್ಕೇ ಹಾಕುತ್ತಾರೆ. ಒಮ್ಮೊಮ್ಮೆ ಮಾರ್ಕರಿನ ಬಾಯಿಂದ ಬಿಳಿ ಹೊಗೆ ಬಂದು ಒಂದೆರಡು ಗುಂಡು ವಿಪರೀತ ಜೋರಾಗಿ ಹೋಗುತ್ತವೆ. ಅದು ದ್ರವವೇ ಮಾರ್ಕರ್ ಒಳಗೆ ನುಗ್ಗಿದ್ದು. ಗ್ಯಾಸ್ ಸೋರದಂತೆ ತಡೆಯುವ ಓ-ರಿಂಗ್ ಹಾಳಾಗುವುದಕ್ಕೂ ಇದು ಒಂದು ಕಾರಣ. ಇದಕ್ಕೆ ಆ್ಯಂಟಿ-ಸೈಫನ್ ಟ್ಯಾಂಕ್ (ಒಳಗಿನ ಬಾಗಿದ ಕೊಳವೆಯಿಂದ ದ್ರವ ಬಿಟ್ಟು ಆವಿಯನ್ನೇ ಎಳೆಯುವಂಥದ್ದು) ಹಾಕಬೇಕು, ತೂಕ ನೋಡಿ ತುಂಬಿಸಬೇಕು. 20 ಔನ್ಸ್ ಟ್ಯಾಂಕಿಗೆ 567 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಮೂತಿ ಕೆಳಗಾಗಿ ಹಿಡಿದು ಹೊಡೆಯುವುದನ್ನೂ ನಿಲ್ಲಿಸಬೇಕು.

ಹಾಗಂತ ರೆಗ್ಯುಲೇಟರ್ ಎಲ್ಲಿಯೂ ಬೇಡ ಅನ್ನುತ್ತಿಲ್ಲ. ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಇರುವ ಎಲೆಕ್ಟ್ರಾನಿಕ್ ಮಾರ್ಕರ್ ಒಂದಿದೆ ನಮ್ಮಲ್ಲಿ. ಅದು ಕಡಿಮೆ ಒತ್ತಡದಲ್ಲೇ ನಡೆಯುವುದು, ರೆಗ್ಯುಲೇಟರ್ ಇಲ್ಲದೆ ಅದು ಇಲ್ಲ. ಟ್ಯಾಂಕ್ ಎಷ್ಟೇ ತಣ್ಣಗಾದರೂ ಅದಕ್ಕೆ ಬೇಕಾದ್ದಕ್ಕಿಂತ ಮೇಲೆಯೇ ಇರುತ್ತದಲ್ವಾ, ಹಾಗಾಗಿ ಅಲ್ಲಿ ಲೆಕ್ಕ ಕೂಡುತ್ತದೆ. ಆದರೂ ಅದಕ್ಕೆ ಈ ಗ್ಯಾಸ್ ಹಾಕುವುದಿಲ್ಲ, ದ್ರವ ನುಗ್ಗಿದರೆ ಸೊಲೆನಾಯ್ಡ್ ಹೋಗುತ್ತದೆ. ಗಾಳಿಯ ಟ್ಯಾಂಕೇ ಹಾಕುತ್ತೇನೆ. 3000 ಪಿಎಸ್‌ಐ ತುಂಬುವ ಆ ಟ್ಯಾಂಕಿನ ಬಾಯಲ್ಲೇ ಒಂದು ರೆಗ್ಯುಲೇಟರ್ ಇದ್ದು, 800ರ ಸುತ್ತಮುತ್ತ ಇಳಿಸಿ ಕೊಡುತ್ತದೆ. ಆ ಟ್ಯಾಂಕನ್ನು ಟಿಪ್‌ಮನ್‌ಗೆ ಹಾಕಿದರೂ ಅಷ್ಟೇ, ಬೇರೆ ರೆಗ್ಯುಲೇಟರ್ ಬೇಕಾಗುವುದಿಲ್ಲ.

ಎಲೆಕ್ಟ್ರಾನಿಕ್ ಮಾರ್ಕರಿನ ರೆಗ್ಯುಲೇಟರನ್ನು ಮಾತ್ರ ಆಗಾಗ ನೋಡುತ್ತಿರುತ್ತೇನೆ. ಒಂದು ಗುಂಡು ಹೊಡೆದು ಗೇಜ್ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮುಳ್ಳು ನಿಂತಲ್ಲೇ ನಿಂತರೆ ಸರಿ. ತಾನಾಗಿಯೇ ನಿಧಾನಕ್ಕೆ ಮೇಲೇರಿದರೆ ಒಳಗಿನ ಸೀಲ್ ಸವೆದಿದೆ ಅಂತ ಅರ್ಥ. ಆವತ್ತು ಆ ಮಾರ್ಕರ್ ಆಟಕ್ಕೆ ಹೋಗುವುದಿಲ್ಲ.