ಹೊಲದ ಮಣ್ಣಿಗೆ ಭಾರಲೋಹ ಸೇರಿದ್ದರೆ ಏನು ಮಾಡಬೇಕು?

ಎಲೆ, ಕಡ್ಡಿ, ಸಗಣಿ ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣೇ ಆಗುತ್ತವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಹಾಗಲ್ಲ. ಅಜ್ಜನ ಕಾಲದಲ್ಲಿ ಸೇರಿದ ಸೀಸ ಮೊಮ್ಮಗನ ಕಾಲಕ್ಕೂ ಅಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ದಾರಿ ಎರಡೇ. ಲೋಹ ಬೇರಿಗೆ ಸಿಗದ ಹಾಗೆ ಮಣ್ಣಿನಲ್ಲೇ ಕಟ್ಟಿಹಾಕಬೇಕು, ಇಲ್ಲವೇ ಹೊರಗೆ ತೆಗೆಯಬೇಕು.

ಎಲ್ಲಕ್ಕಿಂತ ಮೊದಲು, ಅದು ಬರುವ ದಾರಿ ಮುಚ್ಚಿ. ಕಾರ್ಖಾನೆಯ ನೀರು, ಚರಂಡಿಯ ಹೂಳು, ಉದುರುವ ಹಳೇ ಬಣ್ಣ, ಗಣಿಯ ಧೂಳು ಹೀಗೆ ಮೂಲ ಯಾವುದೂ ಇರಬಹುದು. ಕೆಲವು ರಂಜಕದ ಗೊಬ್ಬರಗಳಲ್ಲೂ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಮೂಲ ನಿಲ್ಲಿಸದೆ ಮಾಡುವ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಆಮೇಲೆ ಮಣ್ಣು ಪರೀಕ್ಷೆ. ಸಾಮಾನ್ಯ ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಲೆಕ್ಕ ಸಿಗುತ್ತದೆ, ಸೀಸದ ಲೆಕ್ಕ ಸಿಗುವುದಿಲ್ಲ. ಯಾವ ಲೋಹ ನೋಡಬೇಕು ಅಂತ ಹೆಸರು ಹೇಳಿಯೇ ಕೇಳಬೇಕು. ಹೊಲದಲ್ಲಿ ಅಂಕುಡೊಂಕಾಗಿ ನಡೆದು 15–20 ಕಡೆ ಗುರುತು ಮಾಡಿ. ಮೇಲಿನ ಕಸ ಸರಿಸಿ, ಒಂದು ಗೇಣು ಆಳದ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮಣ್ಣು ಕೆರೆಯಿರಿ. ಗುದ್ದಲಿ ತಾಗಿದ ಪದರವನ್ನು ಮೊದಲು ಮರದ ತುಂಡಿನಿಂದ ಕೆರೆದು ಬಿಟ್ಟುಬಿಡಿ. ಮಣ್ಣು ತುಂಬಲು ಪ್ಲಾಸ್ಟಿಕ್ ಬಕೆಟ್ ಇರಲಿ. ತಗಡಿನ ಬಕೆಟ್ ಆದರೆ ಅದರ ಸತುವೇ ಮಾದರಿಗೆ ಸೇರಿಬಿಡುತ್ತದೆ. ಎಲ್ಲ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ಕಾಲುವೆಯ ಬಾಯಿ, ರಸ್ತೆಯ ಅಂಚಿನ ಮಣ್ಣನ್ನು ಮಾತ್ರ ಇದಕ್ಕೆ ಬೆರೆಸಬೇಡಿ. ಅದರ ಮಾದರಿ ಬೇರೆಯೇ ಹೋಗಲಿ.

ವರದಿ ಬಂದ ಮೇಲೆ ನಿಜವಾದ ಕೆಲಸ ಶುರು. ಕ್ಯಾಡ್ಮಿಯಂ, ಸೀಸ, ನಿಕಲ್ ಹುಳಿ ಮಣ್ಣಿನಲ್ಲಿ ಕರಗಿ ಬೇರಿಗೆ ಸಿಗುತ್ತವೆ. ಸುಣ್ಣ ಹಾಕಿ ಮಣ್ಣಿನ ರಸಸಾರವನ್ನು, ಅಂದರೆ ಮಣ್ಣು ಎಷ್ಟು ಹುಳಿ ಅಂತ ತೋರಿಸುವ pH ಅಂಕಿಯನ್ನು, 6.5ರಿಂದ 7ಕ್ಕೆ ತಂದರೆ ಅವು ಮಣ್ಣಿನ ಕಣಗಳಿಗೆ ಅಂಟಿ ಕೂರುತ್ತವೆ. ಸುಣ್ಣ ಎಷ್ಟು ಬೇಕು ಅನ್ನುವುದನ್ನು ಪ್ರಯೋಗಾಲಯದವರನ್ನೇ ಕೇಳಿ, ಅಂದಾಜಿನ ಮೇಲೆ ಸುಮ್ನೆ ಸುರಿಯಬೇಡಿ. ಚೆನ್ನಾಗಿ ಕಳಿತ ಕಾಂಪೋಸ್ಟ್ ಕೂಡ ಲೋಹವನ್ನು ಹಿಡಿದಿಡುತ್ತದೆ.

ಆದರೆ ಆರ್ಸೆನಿಕ್ ಇದ್ದರೆ ಇದೇ ಮದ್ದು ತಿರುಗಿಬೀಳುತ್ತದೆ. ಸುಣ್ಣ ಜಾಸ್ತಿಯಾದರೆ, ರಂಜಕ ಜಾಸ್ತಿಯಾದರೆ ಆರ್ಸೆನಿಕ್ ಬಿಡಿಸಿಕೊಂಡು ಹೊರಬರುತ್ತದೆ. ಅದನ್ನು ಹಿಡಿಯುವುದು ಕಬ್ಬಿಣದ ಆಕ್ಸೈಡ್. ಭತ್ತದ ಗದ್ದೆಯಲ್ಲಂತೂ ಇದು ಇನ್ನೂ ಸೂಕ್ಷ್ಮ. ಸದಾ ನೀರು ನಿಂತರೆ ಅಕ್ಕಿಗೆ ಆರ್ಸೆನಿಕ್ ಹೆಚ್ಚು ಸೇರುತ್ತದೆ, ನೀರು ಬಸಿದು ಒಣಗಿಸಿದರೆ ಕ್ಯಾಡ್ಮಿಯಂ ಹೆಚ್ಚು ಸೇರುತ್ತದೆ. ಯಾವ ಲೋಹ ಅಂತ ತಿಳಿಯದೆ ಮದ್ದು ಹಾಕಬಾರದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಅಷ್ಟರಲ್ಲಿ ಬೆಳೆ ಬದಲಿಸಿ. ಸೊಪ್ಪು, ಗೆಡ್ಡೆಗಳಿಗೆ ಲೋಹ ಸೇರುವುದು ಜಾಸ್ತಿ. ಟೊಮೆಟೊ, ಬದನೆಯಂಥ ಕಾಯಿಗಳಿಗೆ ಸಾಮಾನ್ಯವಾಗಿ ಕಡಿಮೆ. ಸೀಸ ಹೆಚ್ಚಾಗಿ ಎಲೆಯ ಮೇಲಿನ ಧೂಳಿನಲ್ಲಿ, ಗೆಡ್ಡೆಯ ಸಿಪ್ಪೆಯಲ್ಲಿ ಇರುತ್ತದೆ. ತೊಳೆದು ಸಿಪ್ಪೆ ತೆಗೆದರೆ ಬಹಳಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಗಿಡದ ಒಳಗೇ ಸೇರಿರುತ್ತದೆ, ಎಷ್ಟು ತೊಳೆದರೂ ಹೋಗದು.

ಲೋಹ ಹೀರುವ ಗಿಡ ಬೆಳೆಸಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅಂಥ ಗಿಡಗಳು ಇರುವುದು ನಿಜ. ಪ್ಟೆರಿಸ್ ವಿಟಾಟಾ ಎಂಬ ಜರೀಗಿಡ ಆರ್ಸೆನಿಕ್ಕನ್ನು ಎಲೆಗೆ ಎಳೆದುಕೊಳ್ಳುತ್ತದೆ ಅನ್ನುವುದು 2001ರಲ್ಲಿ ಪ್ರಕಟವಾಯಿತು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 2,000 ಟನ್ ತೂಗುತ್ತದೆ. ಕಿಲೋ ಮಣ್ಣಿಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಕಡಿಮೆ ಮಾಡಲು ಒಟ್ಟು 2 ಕಿಲೋ ಹೊರತೆಗೆಯಬೇಕು. ವರ್ಷಕ್ಕೆ 5 ಟನ್ ಒಣ ಸೊಪ್ಪು ಬಂದು, ಅದರ ಪ್ರತಿ ಕಿಲೋದಲ್ಲೂ 100 ಮಿಲಿಗ್ರಾಂ ಇದ್ದರೂ ಸಿಗುವುದು ಅರ್ಧ ಕಿಲೋ. ಅಂದರೆ ನಾಲ್ಕು ವರ್ಷ. ಕೊಯ್ದ ಸೊಪ್ಪನ್ನು ದನಕ್ಕೆ ಹಾಕಬಾರದು, ಗೊಬ್ಬರ ಮಾಡಬಾರದು, ಬಯಲಲ್ಲಿ ಸುಡಲೂಬಾರದು. ಅಪಾಯಕಾರಿ ಕಸ ವಿಲೇವಾರಿ ಮಾಡುವವರಿಗೇ ಕೊಡಬೇಕು.

ಮಣ್ಣನ್ನೇ ಬದಲಿಸುವುದು ಕೊನೆಯ ದಾರಿ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳಿಗೆ ಸೇರಿ, ಜನ ನೋವಿನಿಂದ ಕೂಗುವಂಥ ಮೂಳೆರೋಗ ಬಂತು. ರೋಗಕ್ಕೆ ಆ ನೋವಿನ ಕೂಗೇ ಹೆಸರಾಯಿತು: ‘ಇಟಾಯ್-ಇಟಾಯ್’. ಅಲ್ಲಿನ ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ.

ಸುಣ್ಣ, ಕಾಂಪೋಸ್ಟ್ ಹಾಕಿದ ಹೊಲದ ರಸಸಾರವನ್ನು ಎರಡು ಮೂರು ವರ್ಷಕ್ಕೊಮ್ಮೆ ನೋಡುತ್ತಿರಿ. ಮಣ್ಣು ಮತ್ತೆ ಹುಳಿಯಾದರೆ ಕಟ್ಟಿಹಾಕಿದ ಲೋಹ ಬಿಡಿಸಿಕೊಳ್ಳುತ್ತದೆ. ಮಣ್ಣಿನ ವರದಿಯೊಂದನ್ನೇ ನಂಬಿ ಕೂರಬೇಡಿ. ಕೊಯ್ಲಾದ ಮೇಲೆ ಒಂದು ಹಿಡಿ ಕಾಳನ್ನೂ ಪರೀಕ್ಷೆಗೆ ಕಳಿಸಿ, ಮನೆಯವರು ಉಣ್ಣುವುದು ಅದನ್ನೇ ತಾನೇ.