ಹೊಲ ಮುಳುಗಿದ ವರ್ಷ ಶರಣಾರ್ಥಿ ಹೇಳಲು ಕಲಿತದ್ದು

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಜೇವರ್ಗಿ ಕಡೆಯ ನನ್ನ ಏಳು ಎಕರೆ ತೊಗರಿ ಹೂವಿನಲ್ಲಿತ್ತು. ನಾಲ್ಕೈದು ದಿನ ನೀರು ನಿಂತಿತು. ಎರೆಭೂಮಿ ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಬೇರು ಕೊಳೆತು ಗಿಡಗಳು ನಿಂತಲ್ಲೇ ಒಣಗಿದವು. ಮೂವತ್ತೈದು ಕ್ವಿಂಟಲ್ ನಿರೀಕ್ಷಿಸಿದ್ದೆ, ರಾಶಿಗೆ ಬಂದದ್ದು ಐದರ ಆಸುಪಾಸು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 6,000 ರೂಪಾಯಿ. ಸಾಲ ಎರಡೂವರೆ ಲಕ್ಷದ ಹತ್ತಿರ.

ಅಂಥ ವರ್ಷದಲ್ಲಿ ದಿನವೂ ದೇವರನ್ನು ನೆನೆದು ಉಪಕಾರ ಹೇಳುತ್ತೇನೆಂದಾಗ ಅಣ್ಣ ಸಿಡಿದೆದ್ದ. "ಬೆಳೆ ಕಳೆದುಕೊಂಡವನು ಯಾವ ಬಾಯಿಂದ ಹೇಳುತ್ತೀ?" ನಾಲ್ಕು ತಿಂಗಳು ಅವನ ಮಾತೇ ನಿಜವಾಗಿತ್ತು. ಪೂಜೆಯ ಕ್ರಮ ನಿಮಗೆ ಗೊತ್ತೇ ಇದೆ, ನಾನು ಎಡವಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಹರಕೆ ಹೊತ್ತೆ. ಐದು ಹುಣ್ಣಿಮೆ ಗಾಣಗಾಪುರಕ್ಕೆ ಹೋಗಿ ಭೀಮಾ–ಅಮರಜಾ ಸಂಗಮದಲ್ಲಿ ಮಿಂದೆ. ಬಸ್ಸು, ಕಾಯಿ, ಊಟ ಸೇರಿ ಎರಡು ಸಾವಿರ ಹೋಯಿತು. ಬಾಯಲ್ಲಿ ಸ್ತುತಿ, ಒಳಗೆ ಸಾಲ ತೀರಿಸೆಂಬ ಚೌಕಾಸಿ. ಕೊರತೆ ಕ್ಷೇತ್ರದ್ದಲ್ಲ, ನಾನು ಹೊತ್ತೊಯ್ದ ಮನಸ್ಸಿನದು. ಆಮೇಲೆ, ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ಹೇಳತೊಡಗಿದೆ. ಪ್ರತಿ ಸಲವೂ ಗಂಟಲು ಕಟ್ಟುತ್ತಿತ್ತು. ಒಂದು ರಾತ್ರಿ ಹೆಂಡತಿ ಕೇಳಿದಳು: "ದೇವರ ಮುಂದೂ ಸುಳ್ಳು ಏಕೆ?"

ಅಂದಿನಿಂದ ಮೊದಲು ದೂರು ಹೇಳುತ್ತೇನೆ. ಹೊಲ ಹೋಯಿತು, ಬಡ್ಡಿ ಏರಿತು, ನನಗೆ ನೋವಾಗಿದೆ. ಒಡಲು ಬರಿದಾದ ಮೇಲೆ ಆ ದಿನ ಬಂದ ಮೂರನ್ನು ಅಳತೆಯೊಡನೆ ಹೇಳುತ್ತೇನೆ: ಎಮ್ಮೆ ಒಂದೂವರೆ ಲೀಟರ್ ಹಾಲು ಕೊಟ್ಟಿತು, ನೆರೆಯವರು ಎರಡು ಸೇರು ಜೋಳ ಕಳುಹಿಸಿದರು, ಮಗಳ ಜ್ವರ ಇಳಿಯಿತು. "ಕೃತಜ್ಞತೆ" ನಾಲಿಗೆಗೆ ಒಗ್ಗಲಿಲ್ಲ; ಅಜ್ಜಿ ಹೇಳುತ್ತಿದ್ದ "ಶರಣಾರ್ಥಿ" ಒಗ್ಗಿತು. ಕೊನೆಗೆ ನಾಲ್ಕನೆಯದೊಂದನ್ನು ಹೇಳುತ್ತೇನೆ, ಅದು ನನಗೂ ದೇವರಿಗೂ ಬಿಟ್ಟದ್ದು.

ಬೆಳಗಿನ ಜಾವ ಹೇಳಿ ನೋಡಿದೆ, ಸಾಲ ಕೊಟ್ಟವರ ಮುಖವೇ ಎದುರು ಬಂತು. ಮೊಬೈಲಿನಲ್ಲಿ ದನಿ ಹಿಡಿದಿಟ್ಟೆ. ಯಾರೋ ಕೇಳಲೆಂದು ಮಾತನಾಡಿದ ಹಾಗಿತ್ತು, ಅಳಿಸಿದೆ. ರಾತ್ರಿ ದೀಪ ಶಾಂತವಾದ ಮೇಲೆ, ಕತ್ತಲಲ್ಲಿ ಹೇಳಿದಾಗ ಕೂಡಿಬಂತು.

ಜೊತೆಗೆ ಮುಷ್ಟಿ ಜೋಳ. ಹಿಟ್ಟಿಗೆ ಕಳುಹಿಸುವ ಮುನ್ನ ದಿನದ ಲೆಕ್ಕದಲ್ಲಿ ಒಂದೊಂದು ಹಿಡಿ ತೆಗೆದಿಟ್ಟೆವು. ಮನೆಯಲ್ಲೇ ಸಾಲದು ಎಂದವರಿದ್ದರು. ಅರಳಗುಂಡಗಿಯ ಹೊಲದಲ್ಲಿ ಶರಣಬಸವೇಶ್ವರರು ಹಕ್ಕಿಗಳನ್ನು ಓಡಿಸದೆ ಅವಕ್ಕೆ ಕುಡಿಯಲು ನೀರನ್ನೂ ಇಟ್ಟ ಕಥೆ ಕೇಳಿ ಬೆಳೆದವನು ನಾನು. ಹಿಡಿ ಜೋಳಕ್ಕೆ ಹಿಂಜರಿಯಲಿಲ್ಲ. ವರ್ಷಕ್ಕೆ ಹದಿನೆಂಟು ಇಪ್ಪತ್ತು ಕೆ.ಜಿ. ಆಯಿತು. ಕಲಬುರಗಿಯಲ್ಲಿ ಅವರ ಜಾತ್ರೆಗೆ ಹೋದಾಗ ದಾಸೋಹಕ್ಕೆ ಒಪ್ಪಿಸಿ ಬಂದೆ. ಕೊಡುವವನಾಗಿ ಆ ಹೊಸ್ತಿಲು ದಾಟಿದ ದಿನ ತಲೆ ತಾನಾಗಿ ಎದ್ದಿತು.

ತೊಗರಿ ಹತ್ತು ಸಾವಿರ ದಾಟಿದ 2023ರಲ್ಲಿ ಸಾಲ ತೀರಿತು. ಅದು ಬೆಲೆಯ ಕೆಲಸ. ನನಗೆ ನಿದ್ದೆ ಬಂದದ್ದು ಅದಕ್ಕಿಂತ ಎರಡು ವರ್ಷ ಮೊದಲು. ಒಂದು ರಾತ್ರಿಯೂ ತಪ್ಪಿಸದೆ ನಡೆಸಿದ್ದೇನೆ, ಆ ಹೆಮ್ಮೆ ನನಗಿದೆ.

ನಡುವೆ ನೆಟೆ ರೋಗ ಅಣ್ಣನ ಹೊಲವನ್ನು ಒಣಗಿಸಿತು. ರಾತ್ರಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಒಂದು ಗಂಟೆ ದೂರಿದ, ಅತ್ತ. ಬಹಳ ಹೊತ್ತಿನ ಮೇಲೆ ಒಂದೇ ಒಂದನ್ನು ಹೇಳಿದ: "ತಮ್ಮ ಬಾಗಿಲು ತೆರೆದ, ಶರಣಾರ್ಥಿ."