ಮಕ್ಕಳು ಇನ್ನೂ ಸಣ್ಣವರು, ಯಾವ ಕೆಲಸ ಹಿಡಿಯಲಿ?

ಮಗಳಿಗೆ ಆಗ ಐದು ವರ್ಷ, ಮಗನಿಗೆ ಎರಡು. ಬಾಗಲಕೋಟೆಯ ನವನಗರದಲ್ಲಿ ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕಿದ್ದೆ. ಸಂದರ್ಶನದಲ್ಲಿ ಹೇಳಿದ್ದು ಹತ್ತರಿಂದ ಐದೂವರೆ. ಆದರೆ ಐದೂಕಾಲಿಗೆ ಸರಿಯಾಗಿ ಯಾವುದೋ ಫೈಲು ಮೇಜಿನ ಮೇಲೆ ಬಂದು ಬೀಳುತ್ತಿತ್ತು, ತಿಂಗಳ ಕೊನೆಯ ವಾರ ಏಳು ದಾಟುತ್ತಿತ್ತು, ಯಾವ ದಿನ ಹೀಗಾಗುತ್ತದೆ ಅಂತ ಮುಂಜಾನೆ ಮನೆ ಬಿಡುವಾಗ ನನಗೇ ಗೊತ್ತಿರುತ್ತಿರಲಿಲ್ಲ. ಒಂದು ಸಂಜೆ ಬಂದರೆ ಮಗಳು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಶಾಲೆಯ ಬೂಟು ಬಿಚ್ಚಿರಲಿಲ್ಲ. ಅತ್ತೆ ಎಷ್ಟು ಕರೆದರೂ ಒಳಗೆ ಹೋಗಿರಲಿಲ್ಲವಂತೆ. "ಅವ್ವಾ, ಇವತ್ತ ಲಗೂ ಬರ್ತೀನಿ ಅಂದಿದ್ದಿ" ಅಂದಳು. ಅಷ್ಟೇ.

ಮುಂದೆ ಬೇರೆ ಕೆಲಸ ಹುಡುಕುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಕಡಿಮೆ ತಾಸಿನ ಕೆಲಸ ನೋಡು ಅಂತ. ನಾನು ಈಗ ಬೇರೆ ಮಾತು ಹೇಳುತ್ತೇನೆ. ಕೆಲಸ ಎಷ್ಟು ತಾಸು ಅನ್ನೋದಕ್ಕಿಂತ, ಯಾವ ದಿನ ಎಷ್ಟು ಹೊತ್ತಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆಯೇ ನೋಡಿ. ದಿನಾ ಎಂಟು ತಾಸು ದುಡಿದರೂ ಹೇಳಿದ ಹೊತ್ತಿಗೆ ಬರುವ ತಾಯಿಗೆ ಮಕ್ಕಳು ಹೊಂದಿಕೊಳ್ಳುತ್ತಾರೆ. ಯಾವಾಗ ಬರುತ್ತಾಳೋ ಗೊತ್ತಿಲ್ಲ ಅಂದರೆ ಮಕ್ಕಳೂ ಕಾಯುತ್ತಾರೆ, ಮನೆಯ ಹಿರಿಯರೂ ಕಾಯುತ್ತಾರೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಮನೆಯ ಒಂದು ವಾರವನ್ನು ತಾಸು ತಾಸಾಗಿ ಬರೆಯಿರಿ. ಶಾಲೆ ಬಿಡುವ ಹೊತ್ತು, ಅಂಗನವಾಡಿ ಬಿಡುವ ಹೊತ್ತು, ಚಿಕ್ಕವನು ಮಲಗುವ ಹೊತ್ತು, ಅತ್ತೆಯ ಔಷಧಿ, ನಳ ಬರುವ ದಿನ. ನಳದ ದಿನ ಮರೆಯಬೇಡಿ, ನಮ್ಮ ಕಡೆ ದಿನಾ ನೀರು ಬರಲ್ಲ, ಬಂದ ದಿನ ಯಾರಾದರೂ ಮನೆಯಲ್ಲಿ ಇರಲೇಬೇಕು ಅಲ್ವಾ? ಬರೆದಾದ ಮೇಲೆ ಯಾರೂ ಇಲ್ಲದ ತಾಸುಗಳಿಗೆ ಗೆರೆ ಹಾಕಿ. ಹೆಚ್ಚಿನ ಮನೆಗಳಲ್ಲಿ ಆ ಗೆರೆ ಬೀಳುವುದು ಸಂಜೆ ನಾಲ್ಕರಿಂದ ಆರೂವರೆಯೊಳಗೆ. ನಿಮಗೆ ಬರುವ ಯಾವುದೇ ಕೆಲಸವನ್ನು ಆ ಗೆರೆಯ ಮೇಲಿಟ್ಟು ನೋಡಿ.

ಜೊತೆಗೆ ಮಕ್ಕಳ ವಯಸ್ಸು. ಜೀವಮಾನದ ಕೆಲಸ ಈಗಲೇ ಆರಿಸಬೇಕು ಅಂತ ಕೂತರೆ ತಲೆ ಕೆಡುತ್ತದೆ. ಮುಂದಿನ ಮೂರು ವರ್ಷಕ್ಕೆ ಯಾವುದು ಸರಿ ಅಂತ ಕೇಳಿಕೊಳ್ಳಿ. ಮೂರು ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಸಣ್ಣ ಮಗುವಿದ್ದರೆ, ಹಳ್ಳಿಯಲ್ಲಿರುವವರು ಪಂಚಾಯತಿಗೆ ಹೋಗಿ ಕೂಸಿನ ಮನೆ ಇದೆಯೇ ಕೇಳಿ. ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿದ ಯೋಜನೆ ಅದು. ಮಗುವನ್ನು ಅಲ್ಲಿ ಬಿಡುವ ಮೊದಲು ಒಮ್ಮೆ ಸುಮ್ನೆ ಹೋಗಿ ಕೂತು ಬನ್ನಿ. ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಒಂದೊಂದೇ ಕೆಲಸಕ್ಕೆ ಬರೋಣ.

ತಾಯಂದಿರಿಗೆ ಎಲ್ಲರೂ ಮೊದಲು ಹೇಳುವುದು ಟೀಚರ್ ಕೆಲಸ. ನಿಮ್ಮ ಹೊತ್ತೂ ಮಕ್ಕಳ ಹೊತ್ತೂ ಒಂದೇ ಆಗುತ್ತದೆ, ರಜೆಯೂ ಒಟ್ಟಿಗೆ ಬರುತ್ತದೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಬಿ.ಎಡ್ ಎರಡು ವರ್ಷ, ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಆಮೇಲೆ ನೇಮಕಾತಿ ಕರೆಯುವವರೆಗೆ ಕಾಯಬೇಕು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ: 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದರಿಂದ ಐದನೇ ತರಗತಿಗೆ ಕಲಿಸಲು ಬಿ.ಎಡ್ ಅರ್ಹತೆ ಆಗಲ್ಲ ಅಂತ ತೀರ್ಪು ಕೊಟ್ಟಿದೆ, ಸಣ್ಣ ಮಕ್ಕಳಿಗೆ ಕಲಿಸಬೇಕು ಅನ್ನುವವರು ಡಿ.ಎಡ್ ಕಡೆಗೇ ನೋಡಬೇಕು. ಫೀಸು ತುಂಬುವ ಮೊದಲು ಇದನ್ನು ತಿಳಿದುಕೊಳ್ಳಿ. ರಜೆ ಅಂದರೆ ಪೂರ್ತಿ ರಜೆ ಅಂತಲೂ ತಿಳಿಯಬೇಡಿ. ಚುನಾವಣೆ ಬಂದರೆ ಕರೆಯುತ್ತಾರೆ. 2025ರ ದಸರಾ ರಜೆಯಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕಿಯರು ಮನೆ ಮನೆ ತಿರುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಖಾಸಗಿ ಶಾಲೆಯಲ್ಲಿ ಸಂಬಳ ಕಡಿಮೆ, ಆದರೆ ನಿಮ್ಮ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತಾರಾ ಕೇಳಿ. ಕೊಟ್ಟರೆ ಅದನ್ನೂ ಸಂಬಳ ಅಂತಲೇ ಲೆಕ್ಕ ಹಿಡಿಯಿರಿ.

ಸರ್ಕಾರಿ ಆಫೀಸಿನ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲ ಇದೆ. ಏಪ್ರಿಲ್, ಮೇ ಬಿಸಿಲಿಗೆ ಬಾಗಲಕೋಟೆ, ವಿಜಯಪುರದಲ್ಲಿ ಸಾಮಾನ್ಯವಾಗಿ ಮುಂಜಾನೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಆಫೀಸು. ಮಕ್ಕಳ ಬೇಸಿಗೆ ರಜೆಗೆ ಅದು ಸರಿಯಾಗಿ ಕೂಡಿ ಬರುತ್ತದೆ. ಬ್ಯಾಂಕಿನಲ್ಲಿ ವರ್ಗಾವಣೆ ಇದೆ, ನರ್ಸಿಂಗ್‌ನಲ್ಲಿ ರಾತ್ರಿ ಪಾಳಿ ಇದೆ. ಆದರೂ ನರ್ಸಿಂಗ್ ಬೇಡ ಅಂತ ನಾನು ಹೇಳಲ್ಲ. ಪಾಳಿಯ ಪಟ್ಟಿ ತಿಂಗಳ ಮೊದಲೇ ಕೈಗೆ ಸಿಕ್ಕರೆ ಮನೆಯಲ್ಲಿ ವ್ಯವಸ್ಥೆ ಮಾಡಬಹುದು, ಹಿಂದಿನ ದಿನ ಫೋನ್ ಮಾಡಿ ಹೇಳುವ ಕಡೆ ಆಗಲ್ಲ.

ಮನೆಯಲ್ಲೇ ಕೂತು ರೊಟ್ಟಿ ಮಾಡಿ ಮಾರುತ್ತೇನೆ ಅನ್ನುವವರು ನಮ್ಮಲ್ಲಿ ಬಹಳ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಇವಕ್ಕೆ ಬೆಂಗಳೂರು, ಪುಣೆಯವರೆಗೂ ಗಿರಾಕಿಗಳಿದ್ದಾರೆ. ಆದರೆ ಮನೆಯಲ್ಲೇ ಇರುತ್ತೀರಿ ಅಂದ ಮಾತ್ರಕ್ಕೆ ಅದು ಮಕ್ಕಳಿಗೆ ಅನುಕೂಲದ ಕೆಲಸ ಆಗಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಹೊತ್ತಿ ಉರಿಯುವ ಒಲೆ, ಕಾದ ಹಂಚು. ನನ್ನ ವಾರಗಿತ್ತಿ ಈ ಕೆಲಸ ಮಾಡುತ್ತಾಳೆ. ಮುಂಜಾನೆ ನಾಲ್ಕೂವರೆಗೆ ಎದ್ದು, ಮಗು ಏಳುವುದರೊಳಗೆ ಬಡಿದು ಬೇಯಿಸಿ ಒಲೆ ಆರಿಸಿಬಿಡುತ್ತಾಳೆ. ಹಗಲೆಲ್ಲ ರೊಟ್ಟಿ ಒಣಗುತ್ತವೆ, ಮಧ್ಯಾಹ್ನ ಮಗು ಮಲಗಿದಾಗ ಎಣಿಸಿ ಕಟ್ಟುತ್ತಾಳೆ. ಹಿಟ್ಟು ಹಳೆಯದಾದರೆ ಬಡಿಯುವಾಗ ಅಂಚು ಬಿರಿಯುತ್ತದೆ ಅಂತ ಎರಡು ದಿನಕ್ಕಾಗುವಷ್ಟೇ ಜೋಳ ಬೀಸಿಸುತ್ತಾಳೆ. ಸಂಕ್ರಾಂತಿಗೆ ಸಜ್ಜಿ ರೊಟ್ಟಿ, ಮುಂದೆ ಮದುವೆಗಳ ಕಾಲ, ಆಗ ಒಬ್ಬಳ ಕೈಯಲ್ಲಿ ಸಾಗಲ್ಲ ಅಂತ ಮೊದಲೇ ಇಬ್ಬರಿಗೆ ಹೇಳಿಟ್ಟಿರುತ್ತಾಳೆ. ದಿನಕ್ಕೆ ಇಷ್ಟೇ ಆರ್ಡರ್ ಅಂತ ಅವಳು ಗಟ್ಟಿಯಾಗಿ ನಿಂತಿದ್ದಕ್ಕೆ ನಡೆಯುತ್ತಿದೆ. ತಿನ್ನುವ ವಸ್ತು ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ಬಂಡವಾಳ ಬೇಕಾದರೆ ಮುದ್ರಾ ಯೋಜನೆಯ ಶಿಶು ಸಾಲದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ, ಬ್ಯಾಂಕಿನಲ್ಲಿ ಹೆಸರು ಹೇಳಿಯೇ ಕೇಳಿ.

ಹೊಲಿಗೆಯೂ ಒಳ್ಳೆಯದೇ, ಗುಳೇದಗುಡ್ಡ ಖಣದ ಕುಪ್ಪಸ ಚೆಂದ ಹೊಲಿಯುವವರಿಗೆ ಯಾವತ್ತೂ ಕೆಲಸ ಇದೆ. ಹಬ್ಬದ ಹಿಂದಿನ ವಾರ ಹೊಸ ಬಟ್ಟೆ ಹಿಡಿಯಬೇಡಿ.

ಒಂದು ಎಚ್ಚರಿಕೆ. ಮನೆಯಲ್ಲೇ ಕೂತು ಟೈಪ್ ಮಾಡಿ ಸಾವಿರಾರು ಗಳಿಸಿ ಅಂತ ವಾಟ್ಸಾಪ್‌ಗೆ ಬರುತ್ತದಲ್ಲ, ಅದರಲ್ಲಿ ನೋಂದಣಿ ಫೀಸು ಅಂತ ಮೊದಲು ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳಲ್ಲ.

ನಾನು ಕೊನೆಗೆ ಹಿಡಿದಿದ್ದು ಜಿಎಸ್‌ಟಿ ಕೆಲಸ. ಬಿ.ಕಾಂ ಆಗಿತ್ತು, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರುತ್ತಿತ್ತು. ಬಟ್ಟೆ ಅಂಗಡಿ, ಕಿರಾಣಿ ಅಂಗಡಿಯವರ ರಿಟರ್ನ್, ಅಂದರೆ ತೆರಿಗೆಯ ಲೆಕ್ಕಪತ್ರ, ಮನೆಯಿಂದಲೇ ತುಂಬುತ್ತೇನೆ. ಆಫೀಸಿನ ಸಂಬಳಕ್ಕಿಂತ ಮೊದಲ ವರ್ಷ ಕಡಿಮೆಯೇ ಬಂತು. ಆದರೆ ತಿಂಗಳಿಗೆ ರಿಟರ್ನ್ ತುಂಬುವವರಿಗೆ 11ನೇ ತಾರೀಖು ಮಾರಾಟದ ಲೆಕ್ಕ, 20ನೇ ತಾರೀಖು ತೆರಿಗೆ. ಆ ಎರಡು ತಾರೀಖಿನ ಹಿಂದುಮುಂದು ನಾನು ರಾತ್ರಿ ಹನ್ನೆರಡರವರೆಗೂ ಕೂರುತ್ತೇನೆ, ಕಷ್ಟವೇ. ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಮಗಳೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾಳೆ. ಆ ದಿನಗಳಲ್ಲಿ ಅಡುಗೆ ನಮ್ಮ ಮನೆಯವರದು, ಓದಿಸುವುದು ಅತ್ತೆಯದು. ಅದನ್ನು ನಾನೇ ಬಾಯಿಬಿಟ್ಟು ಕೇಳಿದೆ. ಕೇಳದೆ ಯಾರೂ ಮಾಡಲ್ಲ, ನೀವೂ ಕೇಳಿ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಸಂಬಳ 12,000 ಅಂತ ಇಟ್ಟುಕೊಳ್ಳಿ. ಮಗು ನೋಡಿಕೊಳ್ಳುವವರಿಗೆ 4,000, ಆಟೋಗೆ 1,500, ಸುಸ್ತಾಗಿ ಬಂದು ಹೊರಗಿಂದ ತರಿಸುವ ಊಟಕ್ಕೆ 1,000. ಕೈಗೆ ಉಳಿದದ್ದು 5,500. ಬೇಡ ಅಂತಲ್ಲ, ಅನುಭವಕ್ಕಾಗಿ ಹೋಗುವುದಾದರೆ ಖಂಡಿತ ಹೋಗಿ, ಆದರೆ ಉಳಿಯುವುದು ಎಷ್ಟು ಅಂತ ಗೊತ್ತಿದ್ದು ಹೋಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ, ಹಾಗಾಗಿ ಬಾದಾಮಿ, ಗುಳೇದಗುಡ್ಡದ ಕೆಲಸವೂ ಖರ್ಚಿನ ಲೆಕ್ಕದಲ್ಲಿ ಕೂಡುತ್ತದೆ. ಹೋಗಿ ಬರುವ ಹೊತ್ತನ್ನು ಮಾತ್ರ ನೋಟ್‌ಬುಕ್ಕಿನ ಆ ಗೆರೆಯ ಮೇಲೆ ಬರೆಯಿರಿ.

ಮತ್ತೆ ಮಗುವಿಗೆ ಜ್ವರ ಬಂದ ದಿನ ಯಾರು ಮನೆಯಲ್ಲಿ ಉಳಿಯುತ್ತಾರೆ? ಕೆಲಸಕ್ಕೆ ಸೇರುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿ. ಒಂದು ಸಲ ನೀವು, ಒಂದು ಸಲ ಅವರು ಅಂತ ಆಗಲೇ ಒಪ್ಪಿಕೊಂಡರೆ ಜ್ವರದ ರಾತ್ರಿ ಜಗಳ ಇರಲ್ಲ.

ಇನ್ನೊಂದು ಮಗುವಿನ ಯೋಚನೆ ಇದ್ದರೆ ಹೆರಿಗೆ ರಜೆ ಕೇಳಲು ನಾಚಬೇಡಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಅಲ್ಲಿ ಕೆಲಸ ಮಾಡಿರಬೇಕು. 50 ಅಥವಾ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕು.

ಸಂದರ್ಶನದಲ್ಲಿ "ನಿಮ್ಮಲ್ಲಿ ಎಷ್ಟು ಗಂಟೆಗೆ ಬಿಡುತ್ತಾರೆ" ಅಂತ ಕೇಳಿದರೆ ಕಾಗದದ ಮೇಲಿನ ಹೊತ್ತು ಹೇಳುತ್ತಾರೆ. "ಕಳೆದ ತಿಂಗಳು ಎಷ್ಟು ದಿನ ತಡ ಆಯಿತು" ಅಂತ ಕೇಳಿ. ಇನ್ನೂ ಒಂದು ಮಾಡಿ. ಹೂಂ ಅನ್ನುವ ಮೊದಲು ಒಂದು ಸಂಜೆ ಆರೂವರೆಗೆ, ಆದರೆ ತಿಂಗಳ ಕೊನೆಯ ವಾರದಲ್ಲೇ, ಆ ಆಫೀಸಿನ ಮುಂದೆ ಹಾದು ಹೋಗಿ, ಹೊರಗೆ ಹೆಣ್ಣುಮಕ್ಕಳ ಸ್ಕೂಟಿ ಇನ್ನೂ ಎಷ್ಟು ನಿಂತಿವೆ ಅಂತ ಎಣಿಸಿ ಬನ್ನಿ.